ತೀರ್ಥಹಳ್ಳಿ ಕಡೆಯ ಮಸಾಜ್ ತರಬೇತಿ: ಕೈಕೆಲಸ ಚೆನ್ನಾಗಿ ಕಲಿಸುತ್ತಾರೆ, ಆ ಚಾರ್ಟ್ ಮಾತ್ರ ಬೇಡ

ಮೊದಲೇ ಹೇಳಿಬಿಡುತ್ತೇನೆ, ಈ ತರಬೇತಿಗೆ ಕೊಟ್ಟ ದುಡ್ಡು ವ್ಯರ್ಥ ಆಗಿಲ್ಲ. ಯಾರಾದರೂ ಕೇಳಿದರೆ ಸೇರಿ ಅಂತಲೇ ಹೇಳುತ್ತೇನೆ. ಆದರೆ ಅದರೊಳಗೆ ಒಂದು ಭಾಗ ಇದೆ, ಮೈಯ ಯಾವ ಜಾಗದ ನೋವು ಯಾವ ಭಾವನೆಯದು ಅಂತ ಹೇಳುವ ಚಾರ್ಟ್. ಅದನ್ನು ಕಲಿಸಿದ ರೀತಿ ನನಗೆ ಸ್ವಲ್ಪವೂ ಸರಿ ಕಾಣಲಿಲ್ಲ, ಅದರ ಬಗ್ಗೆ ಯಾರೂ ಬರೆದ ಹಾಗೂ ಇಲ್ಲ. ನಾನು ಸೇರುವ ಮುಂಚೆ ಓದಿದ ಅಭಿಪ್ರಾಯಗಳೆಲ್ಲ ಬರೀ ಹೊಗಳಿಕೆ. ಅದಕ್ಕೇ ಉದ್ದ ಆದರೂ ಪರವಾಗಿಲ್ಲ ಅಂತ ಪೂರ್ತಿ ಬರೆಯುತ್ತಿದ್ದೇನೆ. ಜಾಗದ ಹೆಸರು, ಕಲಿಸಿದವರ ಹೆಸರು ಹಾಕುತ್ತಿಲ್ಲ. ಇಂಥ ತರಬೇತಿಗಳು ಈಗ ಮಲೆನಾಡಿನಲ್ಲಿ ಅಲ್ಲಲ್ಲಿ, ಹೋಂಸ್ಟೇಗಳಲ್ಲೂ ಹಳೇ ಮನೆಗಳಲ್ಲೂ ನಡೆಯುತ್ತಿವೆ. ನೀವು ಎಲ್ಲಿಗೆ ಹೋದರೂ ಈ ಬರಹ ಉಪಯೋಗಕ್ಕೆ ಬರಬೇಕು ಅನ್ನುವುದು ನನ್ನ ಆಸೆ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಹೆಂಗಸರ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಐಬ್ರೋ, ಫೇಶಿಯಲ್ ಎಲ್ಲ ಇದ್ದದ್ದೇ, ಆದರೆ ನನ್ನ ಹತ್ತಿರ ಖಾಯಂ ಬರುವವರು ಜಾಸ್ತಿ ಬರುವುದು ತಲೆಗೆ ಎಣ್ಣೆ ಹಾಕಿಸಿಕೊಳ್ಳಲು. ಬ್ಯಾಂಕಿನವರು, ಸ್ಕೂಲ್ ಟೀಚರ್‌ಗಳು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಒಬ್ಬರೇ ಉಳಿದ ಅಮ್ಮಂದಿರು. ನೆತ್ತಿಯಿಂದ ಕೈ ಕೆಳಗಿಳಿದು ಕತ್ತು, ಹೆಗಲಿಗೆ ಬರುವ ಹೊತ್ತಿಗೆ ಮಾತು ಶುರುವಾಗುತ್ತದೆ. ಕೆಲವರು ಮಾತೇ ಇಲ್ಲದೆ ಅಳುತ್ತಾರೆ. ಸುಮ್ಮನೆ ಕಣ್ಣಲ್ಲಿ ನೀರು ಇಳಿಯುತ್ತಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಅಂಥ ಹೊತ್ತಲ್ಲಿ ಕೈ ಎತ್ತಬೇಕಾ, ಮುಂದುವರಿಸಬೇಕಾ, ಏನಾದರೂ ಕೇಳಬೇಕಾ? ಬ್ಯೂಟಿಷಿಯನ್ ಕೋರ್ಸ್‌ನಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮೈಯನ್ನೂ ಮನಸ್ಸನ್ನೂ ಒಟ್ಟಿಗೆ ನೋಡುವ ಮಸಾಜ್ ಕಲಿಸುತ್ತೇವೆ ಅಂತ ಇವರು ಹಾಕಿದ್ದನ್ನು ನೋಡಿ ನಾನು ಸೇರಿದ್ದು ಇದೊಂದೇ ಕಾರಣಕ್ಕೆ.

ಜಾಗ ಇರುವುದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ಮಂಡಗದ್ದೆ ದಾಟಿದ ಮೇಲೆ ಒಳಗೆ. ಬಸ್ ಇಳಿದು ಸ್ವಲ್ಪ ನಡೆಯಬೇಕು. ತೋಟದ ಮಧ್ಯೆ ಹಳೇ ಹೆಂಚಿನ ಮನೆ, ಜಗಲಿಯೇ ಕ್ಲಾಸ್ ರೂಮು. ಮಳೆಗಾಲದ ತಿಂಗಳುಗಳಲ್ಲಿ ವಾರ ಬಿಟ್ಟು ವಾರ, ಶನಿವಾರ ಮತ್ತು ಭಾನುವಾರ. ಫೀಸು ₹18,000, ಊಟ ಸೇರಿ. ಉಳಿದುಕೊಳ್ಳುವವರಿಗೆ ಚಾಪೆ, ಹಾಸಿಗೆ ಕೊಡುತ್ತಾರೆ. ಊಟ ಮನೆಯದೇ, ಕಡುಬು, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ದೂರು ಏನೂ ಇಲ್ಲ. ಒಂದು ಬ್ಯಾಚ್‌ಗೆ ಹತ್ತು ಹನ್ನೆರಡು ಜನರಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಇದು ದೊಡ್ಡ ಪ್ಲಸ್ ಪಾಯಿಂಟ್. ನಮ್ಮ ಬ್ಯಾಚ್‌ನಲ್ಲಿ ಇಬ್ಬರು ನರ್ಸ್‌ಗಳು, ಒಬ್ಬರು ಯೋಗ ಟೀಚರ್, ಸಾಗರದ ಕಡೆಯ ಅಡಿಕೆ ತೋಟದ ಹೆಂಗಸರು, ಒಬ್ಬ ಫಿಸಿಯೋಥೆರಪಿ ಓದಿದ ಹುಡುಗ ಇದ್ದರು. ಪ್ರಾಕ್ಟೀಸ್ ಮಾಡುವಾಗ ಯಾರು ಯಾರ ಜೊತೆ ಅನ್ನುವುದನ್ನು ನಾವೇ ಆರಿಸಿಕೊಳ್ಳಬಹುದಿತ್ತು. ಬೇಡ ಅಂದರೆ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ.

ಮುಖ್ಯವಾಗಿ ಕಲಿಸುವವರು ಒಬ್ಬರೇ, ಐವತ್ತು ದಾಟಿದ ಹೆಂಗಸು. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಅವರ ಪಾಠ ಶುರುವಾದದ್ದು ಮಸಾಜ್‌ನಿಂದ ಅಲ್ಲ, ನಿಲ್ಲುವುದರಿಂದ. ಮೊದಲ ಶನಿವಾರ ಪೂರ್ತಿ ನಮಗೆ ಒಂದು ಹನಿ ಎಣ್ಣೆ ಮುಟ್ಟಲು ಬಿಡಲಿಲ್ಲ. ಮೇಜಿನ ಎತ್ತರ ಎಷ್ಟಿರಬೇಕು ಅಂದರೆ, ಪಕ್ಕದಲ್ಲಿ ನೆಟ್ಟಗೆ ನಿಂತು ಕೈ ಕೆಳಗೆ ಬಿಟ್ಟಾಗ ಮಡಿಸಿದ ಬೆರಳ ಗೆಣ್ಣು ಮೇಜಿಗೆ ತಾಗಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ. ಬಲ ಹಾಕುವುದು ತೋಳಿನಿಂದ ಅಲ್ಲ, ಹಿಂದಿನ ಕಾಲಿನಿಂದ ಮೈಭಾರ ಮುಂದೆ ಬಿಟ್ಟು. ಹೆಬ್ಬೆರಳನ್ನು ಆದಷ್ಟು ಕಡಿಮೆ ಬಳಸಿ, ಮುಂಗೈ ಬಳಸಿ. ಈ ಕೆಲಸ ವರ್ಷಗಟ್ಟಲೆ ಮಾಡಿದವರಲ್ಲಿ ಮೊದಲು ಹಾಳಾಗುವುದು ಹೆಬ್ಬೆರಳ ಕೀಲು ಮತ್ತು ಸೊಂಟ. ಇಷ್ಟು ವರ್ಷ ಪಾರ್ಲರ್‌ನಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡಿದ ನನಗೆ ಈ ಒಂದು ಪಾಠಕ್ಕೇ ಅರ್ಧ ಫೀಸು ವಸೂಲಾಯಿತು. ಈಗ ಸಂಜೆ ಅಂಗಡಿ ಮುಚ್ಚುವಾಗ ಸೊಂಟ ಹಿಡಿದುಕೊಳ್ಳುವುದಿಲ್ಲ.

ಆಮೇಲೆ ಕೈ. ಉದ್ದಕ್ಕೆ ನೀವುವುದು, ಹಿಸುಕಿ ಎತ್ತುವುದು, ಒಂದೇ ಕಡೆ ಒತ್ತಿ ತಿಕ್ಕುವುದು, ತಟ್ಟುವುದು, ನಡುಗಿಸುವುದು. ಸ್ವೀಡಿಷ್ ಮಸಾಜ್ ಅಂತ ಎಲ್ಲ ಸ್ಪಾಗಳಲ್ಲೂ ಮಾಡುವುದು ಈ ಐದನ್ನೇ. ಇವನ್ನು ಹೀಗೆ ವಿಂಗಡಿಸಿದ ಹಿರಿಮೆ ಹೆಚ್ಚಾಗಿ ಹೋಗುವುದು 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್‌ಗೆ. ಹೆಸರು ಮಾತ್ರ ಸ್ವೀಡನ್ನಿನದು. ಅಲ್ಲಿಯ ಪೆರ್ ಹೆನ್ರಿಕ್ ಲಿಂಗ್ ಅದಕ್ಕೂ ಮುಂಚೆ ಅಂಗಸಾಧನೆಯ ಪದ್ಧತಿ ಕಟ್ಟಿದ್ದರು, ಜನ ಎರಡನ್ನೂ ಸೇರಿಸಿಬಿಟ್ಟರು. ಅಕ್ಕ ಇದನ್ನೆಲ್ಲ ಹೇಳಿದ್ದು ಎರಡೇ ಮಾತಿನಲ್ಲಿ. ಅವರ ಗಮನ ಇದ್ದದ್ದು ವೇಗದ ಮೇಲೆ. ನಿಧಾನ, ಇನ್ನೂ ನಿಧಾನ, ಅಂತ ಹೇಳುತ್ತಲೇ ಇದ್ದರು. ನಾನು ಪಾರ್ಲರ್‌ನಲ್ಲಿ ಒಂದು ಬೆನ್ನಿಗೆ ಎಷ್ಟು ಸಲ ಕೈ ಆಡಿಸುತ್ತಿದ್ದೆನೋ ಅದರ ಕಾಲು ಭಾಗ ಸಾಕು ಅಂತ ತೋರಿಸಿದರು.

ಈ ನಿಧಾನದ ಹಿಂದೆ ಒಂದು ಕಾರಣ ಇದೆ, ಅದು ನನಗೆ ಬಹಳ ಹಿಡಿಸಿತು. ನಮ್ಮ ಕೂದಲಿರುವ ಚರ್ಮದಲ್ಲಿ, ಅಂದರೆ ಬೆನ್ನು, ತೋಳಿನಲ್ಲಿ, ಒಂದು ಜಾತಿಯ ಸಣ್ಣ ನರದ ಎಳೆಗಳಿವೆ. ಏನು ತಾಗಿತು, ಎಲ್ಲಿ ತಾಗಿತು ಅಂತ ಹೇಳುವುದಕ್ಕೆ ಬೇರೆ ನರ ಇದೆ, ಅದು ಬೇಗ ಓಡುತ್ತದೆ. ಈ ಸಣ್ಣ ಎಳೆಗಳು ನಿಧಾನ. ಹಿತವಾಗಿದೆ ಅನ್ನುವ ಭಾವಕ್ಕೂ ಇವಕ್ಕೂ ನಂಟಿದೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ನೀವಿದಾಗ, ಅದರಲ್ಲೂ 3 ಸೆಂಟಿಮೀಟರ್ ಆಸುಪಾಸಿನಲ್ಲಿ, ಅವು ಚೆನ್ನಾಗಿ ಸ್ಪಂದಿಸುತ್ತವೆ. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ. ಅಮ್ಮ ಮಗುವಿನ ಬೆನ್ನು ಸವರುವಾಗ ಅವಳ ಕೈ ಯಾರೂ ಹೇಳಿಕೊಡದೆ ಈ ವೇಗಕ್ಕೆ ಬರುತ್ತದೆ. ಅಕ್ಕ ನಮ್ಮ ಕೈಗೆ ಸ್ಕೇಲ್ ಕೊಟ್ಟು, ಮೇಜಿನ ಮೇಲೆ ಗುರುತು ಹಾಕಿ, ಗಡಿಯಾರ ನೋಡಿಕೊಂಡು ಈ ವೇಗ ಅಭ್ಯಾಸ ಮಾಡಿಸಿದರು. ಮೊದಲು ಹುಚ್ಚು ಹಿಡಿಯುವಷ್ಟು ನಿಧಾನ ಅನ್ನಿಸಿತು. ಆಮೇಲೆ ನಾನೇ ಮೇಜಿನ ಮೇಲೆ ಮಲಗಿದಾಗ ಗೊತ್ತಾಯಿತು. ಕೈ ಕತ್ತಿನಿಂದ ಸೊಂಟಕ್ಕೆ ಬರುವಷ್ಟರಲ್ಲಿ ನನ್ನ ಉಸಿರು ತಾನಾಗಿ ಉದ್ದವಾಗಿತ್ತು.

ಎಣ್ಣೆ ನಮ್ಮ ಕಡೆಯದೇ, ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಬೇಕು, ನೇರ ಒಲೆಯ ಮೇಲೆ ಇಡಬಾರದು. ಮೊದಲ ಸಲ ಬಂದವರಿಗೆ ಮುಂಗೈ ಮೇಲೆ ಸ್ವಲ್ಪ ಹಚ್ಚಿ ತುರಿಕೆ ಬರುತ್ತದಾ ಅಂತ ನೋಡಬೇಕು. ವಾಸನೆ ಎಣ್ಣೆಗಳ ಬಾಟಲಿ ಒಂದೂ ಇರಲಿಲ್ಲ, ನನಗೆ ಅದು ಸಮಾಧಾನ. ಟವೆಲ್ ಮಾತ್ರ ಕಷ್ಟ. ಆಷಾಢದ ಮಳೆಯಲ್ಲಿ ಟವೆಲ್ ಒಣಗುವುದುಂಟಾ? ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು, ಎಲ್ಲದಕ್ಕೂ ಹೊಗೆ ವಾಸನೆ. ನೀವು ಹೋಗುವುದಾದರೆ ಎರಡು ಮೂರು ತೆಳ್ಳನೆಯ ಟವೆಲ್ ಜಾಸ್ತಿ ಇಟ್ಟುಕೊಂಡು ಹೋಗಿ.

ಈಗ ನಾನು ಯಾವುದಕ್ಕಾಗಿ ಹೋಗಿದ್ದೆನೋ ಆ ವಿಷಯ.

ಮೈ ಮುಟ್ಟಿದಾಗ ಮನಸ್ಸು ಯಾಕೆ ಅಲ್ಲಾಡುತ್ತದೆ ಅನ್ನುವುದಕ್ಕೆ ಅಕ್ಕ ದೊಡ್ಡ ದೊಡ್ಡ ಮಾತು ಹೇಳಲಿಲ್ಲ. ಹೆದರಿಕೆ, ಚಿಂತೆ ಇದ್ದಾಗ ಹೆಗಲು ಮೇಲೆ ಏರುತ್ತದೆ, ಹಲ್ಲು ಕಚ್ಚುತ್ತೇವೆ, ಹೊಟ್ಟೆ ಬಿಗಿಯುತ್ತದೆ, ಉಸಿರು ಎದೆಯ ಮೇಲ್ಭಾಗಕ್ಕೇ ನಿಲ್ಲುತ್ತದೆ. ದಿನಗಟ್ಟಲೆ ಹಾಗೇ ಇದ್ದರೆ ಆ ಬಿಗಿಯೇ ಅಭ್ಯಾಸವಾಗುತ್ತದೆ. ಬಿಗಿ ಸಡಿಲವಾದಾಗ, ಸುರಕ್ಷಿತ ಅನ್ನಿಸಿದಾಗ, ತಡೆದುಕೊಂಡದ್ದು ಹೊರಗೆ ಬರಬಹುದು. ಬರಬಹುದು, ಬರಲೇಬೇಕು ಅಂತಿಲ್ಲ. ಅಳುವುದು ಮಸಾಜ್ ಚೆನ್ನಾಗಾಯಿತು ಅನ್ನುವುದಕ್ಕೆ ಗುರುತೂ ಅಲ್ಲ, ಅಳದಿದ್ದರೆ ಕಮ್ಮಿಯೂ ಅಲ್ಲ. ಈ ಮಾತನ್ನು ಅವರು ಮೂರು ನಾಲ್ಕು ಕ್ಲಾಸಿನಲ್ಲಿ ತಿರುಗಿ ತಿರುಗಿ ಹೇಳಿದರು. ಹೇಳಬೇಕಾದ ಮಾತೇ ಅದು.

ಒಂದು ಭಾನುವಾರ ಅದು ನಮ್ಮ ಕಣ್ಣೆದುರೇ ಆಯಿತು. ತೋಟದ ಕೆಲಸದ ಒಬ್ಬರು ಮೇಜಿನ ಮೇಲೆ ಮಲಗಿದ್ದರು, ಅಕ್ಕ ಹೆಗಲ ಹಲಗೆಯ ಸುತ್ತ ಹೇಗೆ ಕೈ ಆಡಿಸಬೇಕು ಅಂತ ತೋರಿಸುತ್ತಿದ್ದರು. ಇದ್ದಕ್ಕಿದ್ದ ಹಾಗೆ ಮಲಗಿದ್ದವರು ಬಿಕ್ಕಲು ಶುರುಮಾಡಿದರು. ನಾವೆಲ್ಲ ಕಲ್ಲಿನ ಹಾಗೆ ನಿಂತೆವು. ಅಕ್ಕ ಕೈ ಎತ್ತಲಿಲ್ಲ, ಆದರೆ ಆಡಿಸುವುದನ್ನು ನಿಲ್ಲಿಸಿದರು. ಅಂಗೈ ಹಾಗೇ ಬೆನ್ನ ಮೇಲೆ ಇಟ್ಟು, "ಕೈ ಇಟ್ಟಿರ್ಲಾ, ತೆಗೀಲಾ?" ಅಂತ ಕೇಳಿದರು. ಇರಲಿ ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸಾಕು ಮಾಡೋಣವಾ?" ಸಾಕು ಅಂದರು. ನಮ್ಮನ್ನೆಲ್ಲ ಕಣ್ಣಿನಲ್ಲೇ ಹೊರಗೆ ಕಳಿಸಿದರು, ಹೊದಿಕೆ ಮೇಲೆಳೆದರು, ಎದ್ದು ಕೂತ ಮೇಲೆ ನೀರು ಕೊಟ್ಟರು. ಯಾಕೆ ಅತ್ತಿರಿ ಅಂತ ಕೇಳಲಿಲ್ಲ. ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮಧ್ಯಾಹ್ನ ಅವರೇ ಜಗಲಿಗೆ ಬಂದು, ಈಗ ಹಗುರ ಅನ್ನಿಸ್ತಿದೆ ಅಂದರು, ಅಷ್ಟೇ. ಕಾರಣ ಇವತ್ತಿಗೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ನನಗೆ ಬೇಕಾಗಿದ್ದು ಇದೇ. ಕೈ ನಿಲ್ಲಿಸು, ಕೇಳು, ಅವರು ಹೇಳಿದ್ದನ್ನು ಮಾಡು, ಕಾರಣ ಹುಡುಕಬೇಡ. ಮುಂಚೆಯೇ ಒಪ್ಪಿಗೆ ಕೇಳಬೇಕು, ಅದೂ ಒಂದೇ ಸಲ ಅಲ್ಲ. ಹೊಟ್ಟೆ, ತೊಡೆ, ಎದೆಯ ಹತ್ತಿರ ಹೋಗುವ ಮುಂಚೆ ಪ್ರತಿ ಸಲ. ಬೇಡ ಅನ್ನುವುದು ನಮ್ಮ ಹೆಂಗಸರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ ಅಲ್ವಾ, ದುಡ್ಡು ಕೊಟ್ಟು ಬಂದಿದ್ದರೂ ಸುಮ್ನೆ ಸಹಿಸಿಕೊಳ್ಳುತ್ತಾರೆ. ಅದಕ್ಕೇ ಮೈ ಬಿಗಿಯಾದರೆ, ಉಸಿರು ನಿಂತರೆ, ಕಾಲ್ಬೆರಳು ಮಡಿಚಿದರೆ ಅದನ್ನೇ ಬೇಡ ಅಂತ ತಿಳಿದು ಕೈ ಹಿಂದೆಗೆಯಬೇಕು. ಕೇಳಿದ ಮಾತು ಆ ಕೋಣೆ ದಾಟಬಾರದು. ಮತ್ತೆ ನಮ್ಮ ಕೈಲಾಗದ್ದು ಎದುರಾದರೆ, ಬದುಕುವುದೇ ಬೇಡ ಅನ್ನುವ ಮಾತು ಬಂದರೆ, ಅಲ್ಲಿ ಮಸಾಜ್ ಕೆಲಸ ಮುಗಿಯಿತು, ವೈದ್ಯರ ಕೆಲಸ ಶುರುವಾಯಿತು. ಗೋಡೆಯ ಮೇಲೆ ದೊಡ್ಡದಾಗಿ 14416 ಅಂತ ಬರೆದು ಅಂಟಿಸಿದ್ದರು. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೂ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವೂ ಇದೆ. ಆ ನಂಬರನ್ನು ನಾನೂ ನನ್ನ ಪಾರ್ಲರ್‌ನ ಕನ್ನಡಿ ಪಕ್ಕ ಅಂಟಿಸಿದ್ದೇನೆ.

ಇಷ್ಟು ಚೆನ್ನಾಗಿ ಕಲಿಸುವ ಜಾಗದಲ್ಲೇ ನಡೆದದ್ದು ಆ ಚಾರ್ಟ್ ಪ್ರಸಂಗ. ಒಂದು ವಾರಾಂತ್ಯಕ್ಕೆ ಹೊರಗಿನಿಂದ ಒಬ್ಬರನ್ನು ಕರೆಸಿದ್ದರು, ಭಾವನೆಗಳ ವಿಷಯದ ತಜ್ಞರು ಅಂತ. ಅವರು ಗೋಡೆಗೆ ಮನುಷ್ಯನ ಚಿತ್ರದ ದೊಡ್ಡ ಚಾರ್ಟ್ ನೇತುಹಾಕಿದರು. ಬಲ ಹೆಗಲು ಅಂದರೆ ಜವಾಬ್ದಾರಿ, ಎಡ ಹೆಗಲು ಅಂದರೆ ತಾಯಿಯ ಜೊತೆಗಿನ ಸಂಬಂಧ, ಪಿತ್ತಕೋಶದಲ್ಲಿ ಸಿಟ್ಟು, ಸೊಂಟದಲ್ಲಿ ದುಡ್ಡಿನ ಭಯ, ಮಂಡಿಯಲ್ಲಿ ಅಹಂಕಾರ. ಒಬ್ಬೊಬ್ಬರನ್ನೇ ಕರೆದು ಎಲ್ಲಿ ನೋವು ಅಂತ ಕೇಳಿ, ಚಾರ್ಟ್ ನೋಡಿ, ನಿಮ್ಮ ಬದುಕಿನಲ್ಲಿ ಇಂಥದ್ದು ಆಗಿದೆ ಅಂತ ಹೇಳುತ್ತಾ ಹೋದರು. ಅದೇ ತೋಟದ ಹೆಂಗಸಿಗೆ, ನಿಮ್ಮ ಎಡ ಹೆಗಲಿನ ಗಂಟು ಅಮ್ಮನನ್ನು ಕ್ಷಮಿಸದೆ ಇರುವುದರಿಂದ ಬಂದದ್ದು ಅಂದರು. ಅವರ ಮುಖ ನೋಡಬೇಕಿತ್ತು. ಪ್ರತಿ ಸುಗ್ಗಿಯಲ್ಲೂ ರಾತ್ರಿ ಹನ್ನೊಂದು, ಹನ್ನೆರಡು ಗಂಟೆಯವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸು ಅವರು. ಕತ್ತು ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ. ಹೆಗಲು ಗಂಟು ಕಟ್ಟದೆ ಇನ್ನೇನಾಗಬೇಕು? ಈ ಸೀಮೆಯಲ್ಲಿ ಕೂತು ಒಬ್ಬ ಹೆಂಗಸಿನ ಹೆಗಲ ನೋವಿಗೆ ಮೊದಲು ಕೇಳಬೇಕಾದ ಪ್ರಶ್ನೆ ಏನು ಕೆಲಸ ಮಾಡ್ತೀರಿ ಅಂತ. ಅದನ್ನು ಅವರು ಕೇಳಲೇ ಇಲ್ಲ.

ಇದು ನನಗೆ ಬರೀ ಅಭಿಪ್ರಾಯ ಭೇದ ಅಲ್ಲ, ಭಯ. ಎಡ ಹೆಗಲು, ಎಡಗೈ, ದವಡೆಗೆ ಹರಿಯುವ ನೋವು ಹೃದಯದ್ದಾಗಿರಬಹುದು. ಬಲ ಹೆಗಲಿಗೆ ಬರುವ ನೋವು ಕೆಲವು ಸಲ ಪಿತ್ತಕೋಶದ ಕಲ್ಲಿನಿಂದ ಬರುತ್ತದೆ. ಸದಾ ಸುಸ್ತು, ಮೈಕೈ ನೋವು ಅನ್ನುವ ಹೆಂಗಸಿಗೆ ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು. ಅಂಥವರಿಗೆ ನಿನ್ನ ಮನಸ್ಸಿನಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಹೇಳಿ ಎಣ್ಣೆ ಹಚ್ಚಿ ಕಳಿಸಿದರೆ? ಮೊದಲೇ ಹೆಂಗಸರ ನೋವು ಅಂದರೆ ಎಲ್ಲ ಮನಸ್ಸಿಂದು ಅಂತ ಮನೆಯವರು ತಳ್ಳಿಹಾಕುತ್ತಾರೆ. ಅದನ್ನೇ ನಾವು ಚಾರ್ಟ್ ಹಿಡಿದು ಹೇಳಬಾರದು.

ಆ ವಾರಾಂತ್ಯದ ಮೇಲೆ ನಾನು ಮತ್ತು ನರ್ಸ್ ಗೆಳತಿ ಕೂತು ಈ ಯೋಚನೆ ಎಲ್ಲಿಂದ ಬಂತು ಅಂತ ಓದಿದೆವು. ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಹತ್ತಿರ ಕಲಿತ ವಿಲ್ಹೆಲ್ಮ್ ರೈಕ್ ಅನ್ನುವವರು 1930ರ ದಶಕದಲ್ಲಿ, ಅದುಮಿಟ್ಟ ಭಾವನೆ ಸ್ನಾಯುಗಳಲ್ಲಿ ಬಿಗಿಯಾಗಿ, ಕವಚದ ಹಾಗೆ ಕೂರುತ್ತದೆ ಅಂದರು. ನಾರ್ವೆಯ ಗೆರ್ಡಾ ಬೋಯೆಸೆನ್ ಅದನ್ನು ಮಸಾಜ್‌ಗೆ ತಂದರು. ಅವರು ಮಸಾಜ್ ಮಾಡುವಾಗ ಸ್ಟೆತೋಸ್ಕೋಪ್ ಹೊಟ್ಟೆಯ ಮೇಲಿಟ್ಟು ಕರುಳಿನ ಗುಡುಗುಡು ಕೇಳುತ್ತಿದ್ದರು, ಸದ್ದು ಬಂದರೆ ಬಿಗಿ ಕರಗುತ್ತಿದೆ ಅಂತ ತಿಳಿಯುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾ ಕಡಲತೀರದಲ್ಲಿ 1962ರಲ್ಲಿ ಶುರುವಾದ ಎಸಲೆನ್ ಕೇಂದ್ರದಿಂದ ಉದ್ದುದ್ದ ನೀವುವ ಪದ್ಧತಿ ಜಗತ್ತಿಗೆಲ್ಲ ಹರಡಿತು. ಇವರೆಲ್ಲ ಗಂಭೀರವಾಗಿ ಕೆಲಸ ಮಾಡಿದವರು, ನನಗೆ ಗೌರವ ಇದೆ. ಆದರೆ ಇಂಥ ಭಾವನೆ ಇಂಥ ಸ್ನಾಯುವಿನಲ್ಲೇ ಇರುತ್ತದೆ ಅನ್ನುವ ಪಟ್ಟಿಗೆ ಪುರಾವೆ ಇಲ್ಲ.

ಹಾಗಂತ ಮಸಾಜ್‌ಗೂ ಮನಸ್ಸಿಗೂ ಸಂಬಂಧ ಇಲ್ಲ ಅಂತಲ್ಲ, ಖಂಡಿತ ಇದೆ. 2004ರಲ್ಲಿ 37 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದವರು, ಒಂದೇ ಸಲದ ಮಸಾಜ್‌ಗೂ ಆ ಹೊತ್ತಿನ ಆತಂಕ, ರಕ್ತದೊತ್ತಡ, ಎದೆಬಡಿತ ಕಡಿಮೆಯಾಗುತ್ತದೆ, ಸರಣಿಯಾಗಿ ಮಾಡಿಸಿಕೊಂಡವರಲ್ಲಿ ಖಿನ್ನತೆಯೂ ತಗ್ಗುತ್ತದೆ ಅಂತ ಕಂಡುಕೊಂಡರು. ಅದೇ ಸಂಶೋಧಕರ ಬಳಗದವರು 2011ರಲ್ಲಿ, ಮಸಾಜ್‌ನಿಂದ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಬಹಳ ಇಳಿಯುತ್ತದೆ ಅನ್ನುವ ಮಾತನ್ನು ಪರೀಕ್ಷಿಸಿದರೆ, ಇಳಿಯುವುದು ತೀರಾ ಸ್ವಲ್ಪ ಅಂತ ಗೊತ್ತಾಯಿತು. ಅಂದರೆ ಹಿತ ಆಗುವುದು ನಿಜ, ಯಾಕೆ ಅನ್ನುವುದಕ್ಕೆ ಎಲ್ಲ ಕಡೆ ಹೇಳುವ ಸುಲಭದ ಉತ್ತರ ಸರಿಯಿಲ್ಲ. ಆ ಅತಿಥಿ ಈ ಕಾರ್ಟಿಸಾಲ್ ಕಥೆಯನ್ನೂ ಹೇಳಿದರು, ಸ್ನಾಯು ಜೋರಾಗಿ ದುಡಿದಾಗ ಹುಟ್ಟುವ ಲ್ಯಾಕ್ಟಿಕ್ ಆಸಿಡನ್ನು ಮಸಾಜ್ ಹೊರಗೆ ಹಾಕುತ್ತದೆ ಅಂತಲೂ ಹೇಳಿದರು. ಕೆಲಸ ನಿಲ್ಲಿಸಿ ಒಂದೆರಡು ಗಂಟೆಯಲ್ಲಿ ಅದು ರಕ್ತದಿಂದ ತಾನಾಗೇ ಇಳಿದುಹೋಗಿರುತ್ತದೆ, ಮಾರನೇ ದಿನದ ಮೈಕೈ ನೋವಿಗೆ ಅದು ಕಾರಣವೇ ಅಲ್ಲ.

ನಾನು ಇದನ್ನೆಲ್ಲ ಬರೆದು ಅಕ್ಕನಿಗೆ ಕೊಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ. ಮುಂದಿನ ಕ್ಲಾಸಿನಲ್ಲಿ ಎಲ್ಲರೆದುರು, ಆ ಚಾರ್ಟನ್ನು ಯಾರ ಮೇಲೂ ಬಳಸಬೇಡಿ, ಅವರ ಮೈ ಏನು ಹೇಳುತ್ತಿದೆ ಅಂತ ಅವರಿಗೆ ನಾವು ಹೇಳಿಕೊಡಬಾರದು ಅಂದರು. ಒಳ್ಳೆಯದೇ. ಆದರೆ ಆ ಅತಿಥಿಯ ಹೆಸರು ಮುಂದಿನ ಬ್ಯಾಚ್‌ನ ವೇಳಾಪಟ್ಟಿಯಲ್ಲೂ ಇದೆ. ನನ್ನ ಮಟ್ಟಿಗೆ ಈ ತರಬೇತಿಯ ದೊಡ್ಡ ಕೊರತೆ ಇದು. ಸೇರುವ ಮುಂಚೆ ನೀವೂ ಕೇಳಿ, ಆ ವಾರಾಂತ್ಯ ಇದೆಯಾ, ಅದಕ್ಕೆ ಹಾಜರಾಗದಿದ್ದರೂ ಪ್ರಮಾಣಪತ್ರ ಕೊಡುತ್ತೀರಾ ಅಂತ.

ಯಾರಿಗೆ ಮಸಾಜ್ ಮಾಡಬಾರದು ಅನ್ನುವುದನ್ನು ಚೆನ್ನಾಗಿ ಕಲಿಸಿದರು, ಪರೀಕ್ಷೆಯನ್ನೂ ಇಟ್ಟರು. ಜ್ವರ ಇದ್ದರೆ ಬೇಡ. ಚರ್ಮದಲ್ಲಿ ಸೋಂಕು, ಹುಣ್ಣು ಇದ್ದರೆ ಆ ಜಾಗ ಬೇಡ. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಮುಟ್ಟಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಕತ್ತಿನ ಮುಂಭಾಗ, ಮಂಡಿಯ ಹಿಂದಿನ ಗುಳಿ, ಇಲ್ಲಿ ಒತ್ತಬಾರದು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಜೋರು ಕೈ ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಅವರ ಡಾಕ್ಟರನ್ನು ಕೇಳಿಯೇ. ಇಷ್ಟು ಸರಿ. ಆದರೆ ಸಕ್ಕರೆ ಕಾಯಿಲೆಯವರ ಪಾದದ ಬಗ್ಗೆ ಎರಡೇ ಮಾತಿನಲ್ಲಿ ಮುಗಿಸಿದ್ದು ನನಗೆ ಸಾಲಲಿಲ್ಲ. ನನ್ನ ಹತ್ತಿರ ಬರುವ ವಯಸ್ಸಾದವರಲ್ಲಿ ಶುಗರ್ ಇರುವವರೇ ಜಾಸ್ತಿ. ಪಾದದಲ್ಲಿ ಸ್ಪರ್ಶ ಕಡಿಮೆಯಾದವರಿಗೆ ಎಣ್ಣೆ ಬಿಸಿ ಎಷ್ಟಿದೆ, ಒತ್ತಡ ಎಷ್ಟಾಯಿತು ಅನ್ನುವುದು ಗೊತ್ತಾಗುವುದಿಲ್ಲ, ಸಣ್ಣ ಗಾಯವೂ ದೊಡ್ಡದಾಗುತ್ತದೆ. ಅರವತ್ತು ದಾಟಿದ ಮೈ ಮೇಲೆ ಅಭ್ಯಾಸ ಮಾಡುವ ಅವಕಾಶವೂ ನಮಗೆ ಸಿಗಲಿಲ್ಲ. ಕಲಿಯುವವರೇ ಒಬ್ಬರಿಗೊಬ್ಬರು ಮಾಡಿಕೊಂಡರೆ ಎಲ್ಲರೂ ಗಟ್ಟಿಮುಟ್ಟು ಮೈಯವರೇ ಆಗುತ್ತಾರೆ.

ನನಗೆ ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಬಾಣಂತಿ ನೀರು ಹಾಕುವ ಒಬ್ಬ ಅಜ್ಜಿ ಬಂದ ಮಧ್ಯಾಹ್ನ. ಪಕ್ಕದ ಊರಿನವರು. ಸುತ್ತಲಿನ ಎಷ್ಟೋ ಮನೆಯ ಮಕ್ಕಳ ಮೈಗೆ ಅವರೇ ಎಣ್ಣೆ ತಿಕ್ಕಿದ್ದಾರೆ. ಕಾಲು ಚಾಚಿ ನೆಲದ ಮೇಲೆ ಕೂತು, ಗೊಂಬೆಯನ್ನು ಕಾಲ ಮೇಲೆ ಮಲಗಿಸಿಕೊಂಡು ತೋರಿಸಿದರು. ಅಕ್ಕಿರೊಟ್ಟಿ ಹಿಟ್ಟು ನಾದಿದ ಹಾಗೆ ಮೆತ್ತಗೆ, ಆದರೆ ಎಲ್ಲೂ ಕೈ ತಪ್ಪದೆ. "ಮಗು ಮಕ ನೋಡ್ಕಂಡು ಕೈ ಓಡ್ಬೇಕು ಮಗಾ, ಕೈ ನೋಡ್ಕಂಡು ಅಲ್ಲ" ಅಂದರು. ಅಕ್ಕ ಅವರ ಪಕ್ಕದಲ್ಲೇ ನೆಲಕ್ಕೆ ಕೂತು ಕೇಳಿದರು. ವಿದೇಶದ ಹೆಸರುಗಳನ್ನು ಹೇಳುವ ಎಷ್ಟೋ ತರಬೇತಿಗಳಲ್ಲಿ ನಮ್ಮ ಬಚ್ಚಲ ಮನೆಯ ವಿದ್ಯೆಗೆ ಇಷ್ಟು ಮರ್ಯಾದೆ ಸಿಗುವುದಿಲ್ಲ. ಅಜ್ಜಿ ಮಾಡುವಂಥ ಕೆಲಸಕ್ಕೆ ಪುರಾವೆಯೂ ಇದೆ. 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಜೊತೆಯವರು, ದಿನ ತುಂಬದೆ ಹುಟ್ಟಿದ ಶಿಶುಗಳಿಗೆ 10 ದಿನ, ದಿನಕ್ಕೆ ಮೂರು ಸಲ ಮೈ ಸವರಿ ಕೈಕಾಲು ಆಡಿಸಿ ನೋಡಿದರು. ಬೇರೆ ಶಿಶುಗಳಿಗಿಂತ ಇವು 47% ಜಾಸ್ತಿ ತೂಕ ಏರಿದವು, ಸುಮಾರು 6 ದಿನ ಮುಂಚೆ ಮನೆಗೆ ಹೋದವು. ಅಷ್ಟೇ ಮರ್ಯಾದೆಯಿಂದ ಅಕ್ಕ ಅಜ್ಜಿಗೆ ಎರಡು ವಿಷಯ ಹೇಳಿದರು, ಮಗುವಿನ ಮೂಗು ಕಿವಿಗೆ ಎಣ್ಣೆ ಬಿಡುವುದು ಬೇಡ, ಮೂಗಿನದು ಶ್ವಾಸಕೋಶಕ್ಕೆ ಇಳಿಯಬಹುದು. ಎಳೇ ಮಗುವಿನ ಮೊಲೆ ಹಿಂಡುವುದೂ ಬೇಡ, ಕೀವಾಗಬಹುದು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಸ್ಪತ್ರೆಯಲ್ಲೂ ಹಂಗೇ ಹೇಳ್ತಾರೆ, ಬಿಟ್ಟಿದೀನಿ ಅಂದರು.

ಆಯುರ್ವೇದದ ಹಳೇ ಗ್ರಂಥ ಅಷ್ಟಾಂಗಹೃದಯದಲ್ಲಿ ದಿನಾ ಎಣ್ಣೆ ಹಚ್ಚಬೇಕು, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಅಂತ ಹೇಳಿದೆ. ಅಜೀರ್ಣ ಇದ್ದಾಗ, ಕಫ ಹೆಚ್ಚಿದಾಗ ಬೇಡ ಅಂತಲೂ ಅದರ ಜೊತೆಗೇ ಇದೆ. ದೀಪಾವಳಿಗೆ ಹಂಡೆಗೆ ನೀರು ತುಂಬಿ, ಅಮ್ಮ ಬೆನ್ನಿಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ತೊಳೆದದ್ದು ನಮ್ಮಲ್ಲಿ ಎಲ್ಲರ ಮೈಗೂ ನೆನಪಿದೆ. ದೊಡ್ಡವರಾದ ಮೇಲೆ ಯಾರೂ ನಮ್ಮನ್ನು ಹಾಗೆ ಮುಟ್ಟುವುದಿಲ್ಲ. ನನ್ನ ಪಾರ್ಲರ್‌ಗೆ ಬರುವ ಎಪ್ಪತ್ತರ ಅಮ್ಮನೊಬ್ಬರು, ವಾರದಲ್ಲಿ ನನ್ನನ್ನು ಮುಟ್ಟೋದು ನೀನೊಬ್ಬಳೇ ಅಂದಿದ್ದರು. ಮೈ ಮನಸ್ಸಿನ ಸಂಬಂಧ ಅಂದರೆ ನನಗೆ ಮೊದಲು ನೆನಪಾಗುವುದು ಅವರ ಮಾತು.

ಪ್ರಮಾಣಪತ್ರದ ಬಗ್ಗೆ ಸ್ಪಷ್ಟವಾಗಿರಿ. ಅವರು ಕೊಡುವ ಕಾಗದದಿಂದ ನೀವು ಥೆರಪಿಸ್ಟ್, ಡಾಕ್ಟರ್ ಏನೂ ಆಗುವುದಿಲ್ಲ. ಫಿಸಿಯೋಥೆರಪಿಯಂಥ ವೃತ್ತಿಗಳಿಗೆ 2021ರಲ್ಲಿ ಕೇಂದ್ರದ ಕಾಯ್ದೆಯೇ ಬಂದಿದೆ, ಅದಕ್ಕೆ ಪದವಿ ಓದಬೇಕು. ಇದು ಕೈಕೆಲಸದ ತರಬೇತಿ. ನೋವು ವಾಸಿ ಮಾಡುತ್ತೇನೆ, ಖಿನ್ನತೆ ಹೋಗಿಸುತ್ತೇನೆ ಅಂತ ಬೋರ್ಡ್ ಹಾಕಬೇಡಿ. ಅಕ್ಕ ಕೂಡ ಇದನ್ನೇ ಹೇಳಿದರು. ಇನ್ನೊಂದು ದೂರು, ಪಾಠವೆಲ್ಲ ಕನ್ನಡದಲ್ಲಿ, ಆದರೆ ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷ್. ತೋಟದ ಹೆಂಗಸರು ಅದನ್ನು ಓದಲಾಗದೆ ನರ್ಸ್‌ಗಳ ಹತ್ತಿರ ಹೇಳಿಸಿಕೊಂಡು ಬರೆದುಕೊಂಡರು. ಯಾರಿಗೆ ಮಾಡಬಾರದು ಅನ್ನುವ ಪಟ್ಟಿಯಾದರೂ ಕನ್ನಡದಲ್ಲಿ ಇರಲೇಬೇಕು.

ನನ್ನ ಕೆಲಸದಲ್ಲಿ ಏನು ಬದಲಾಗಿದೆ ಅಂದರೆ, ಮೊದಲು ಹೊಸಬರು ಬಂದರೆ ನೇರ ಕೂರಿಸಿ ಎಣ್ಣೆ ಹಾಕುತ್ತಿದ್ದೆ. ಈಗ ಐದು ನಿಮಿಷ ಕೂತು ಏನು ಕೆಲಸ ಮಾಡ್ತೀರಿ, ಯಾವ ಮಾತ್ರೆ ತಗೊಳ್ತೀರಿ, ಎಲ್ಲಿ ಮುಟ್ಟೋದು ಬೇಡ ಅಂತ ಕೇಳುತ್ತೇನೆ. ರೇಡಿಯೋ ಆಫ್ ಮಾಡುತ್ತೇನೆ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕಾಲು ಗಂಟೆ ಬಿಡುತ್ತೇನೆ. ಅಷ್ಟರಲ್ಲಿ ದಿನಕ್ಕೆ ಒಂದಿಬ್ಬರು ಕಡಿಮೆ ಆಗುತ್ತಾರೆ, ಅದು ನನಗೆ ಒಪ್ಪಿಗೆ.

ಪಾರ್ಲರ್‌ನವರು, ನರ್ಸ್‌ಗಳು, ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವವರು ಸೇರಬಹುದು. ನಿಮ್ಮ ಸ್ವಂತ ದುಃಖಕ್ಕೆ ಪರಿಹಾರ ಹುಡುಕಿಕೊಂಡು ಹೋಗುವುದಾದರೆ ಮೊದಲು ಆಪ್ತ ಸಲಹೆಗಾರರ ಹತ್ತಿರ ಹೋಗಿ, ಆಮೇಲೆ ಇದಕ್ಕೆ ಬನ್ನಿ. ಮುಂದಿನ ಬ್ಯಾಚ್ ದೀಪಾವಳಿ ಆದ ಮೇಲೆ ಅಂತ ಹಾಕಿದ್ದಾರೆ. ಅದು ಸರಿಯಾಗಿ ಅಡಿಕೆ ಕೊಯ್ಲಿನ ಸಮಯ, ತೋಟದ ಮನೆಗಳ ಹೆಂಗಸರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಇದು ಎಲ್ಲರಿಗಿಂತ ಜಾಸ್ತಿ ಬೇಕಾದದ್ದು ಅವರಿಗೇ ಅಲ್ವಾ? ಸುಗ್ಗಿ ಮುಗಿದ ಮೇಲೆ, ಶಿವರಾತ್ರಿ ಆಸುಪಾಸಿನಲ್ಲಿ ಇನ್ನೊಂದು ಬ್ಯಾಚ್ ಇಡಿ ಅಂತ ಅಕ್ಕನಿಗೆ ಹೇಳಿ ಬಂದಿದ್ದೇನೆ. ಹತ್ತು ಜನ ಆದರೆ ಇಡುತ್ತೇನೆ ಅಂದಿದ್ದಾರೆ. ಆಗ ಬರಲು ಆಗುವವರು ಕಾಮೆಂಟಿನಲ್ಲಿ ನಿಮ್ಮ ಊರು ಹಾಕಿ, ನಾನು ಅವರಿಗೆ ತಿಳಿಸುತ್ತೇನೆ.